ಸಾಂಕವಾಳದ ಪಾದ್ರಿಯೂ ಆರಾಧನೆಯ ವಿಘ್ನಗಳೂ

ಗೋವೆಯ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಜುವಾರಿನಗರವು ಸಾಂಕವಾಳವೆಂಬ ಪುರಾತನ ಗ್ರಾಮದ ಎಲ್ಲೆಗೆ ಸೇರಿದುದು. ಆ ಗ್ರಾಮದಲ್ಲಿ ಜುವಾರಿ ನದಿಯ ದಿಕ್ಕಿಗೆ ಇಳಿದು ಹೋದವರಿಗೆ ಒಂಟಿಯಾಗಿ ನಿಂತ ಒಂದು ಎತ್ತರವಾದ ಗೋಡೆ ಕಾಣುವುದು. ಹಿಂದೆ ಕಟ್ಟಡವಿಲ್ಲ, ಮೇಲೆ ಮಾಡಿಲ್ಲ. ನಮ್ಮ ಶಾಲೆಯ ಮಕ್ಕಳು ಅದನ್ನು ಕೋಟೆಯ ಬಾಗಿಲೆಂದು ತಿಳಿಯುವುದುಂಟು. ಅದು ಕೋಟೆಯಲ್ಲ, 1606ರಲ್ಲಿ ಕಟ್ಟಿ, 1834ರಲ್ಲಿ ಬೆಂಕಿಗೆ ಆಹುತಿಯಾದ ಆರೋಗ್ಯಮಾತೆಯ ಇಗರ್ಜಿಯ ಮುಂಭಾಗ. ಈಗ ಅದೊಂದು ರಕ್ಷಿತ ಸ್ಮಾರಕ.

ಈ ಗ್ರಾಮದ ಮನೆತನಕ್ಕೆ ಸೇರಿದ ಒಬ್ಬ ಪಾದ್ರಿಯ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಆತನು ನಮ್ಮ ಕನ್ನಡ ಕರಾವಳಿಯಲ್ಲಿ ಮೂರು ವರ್ಷ ದುಡಿದವನು. ಅನಂತರ ಸಿಂಹಳದ್ವೀಪದಲ್ಲಿ ದೇಹವಿಟ್ಟವನು. ದೇವರನ್ನು ಆರಾಧಿಸುವವನಿಗೆ ಅಡ್ಡಿಗಳು ಯಾವ ಯಾವ ಬಾಗಿಲಿನಿಂದ ಬರುತ್ತವೆ, ಅವನ್ನು ದಾಟುವ ಬಗೆಯೇನು ಎಂಬುದನ್ನು ಈತನ ಬಾಳಿನಷ್ಟು ಚೆನ್ನಾಗಿ ತೋರಿಸುವ ಚರಿತ್ರೆ ಈ ನೆಲದಲ್ಲಿ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ.

ಆದರೆ ಆತನ ಕಥೆಗೆ ಮುನ್ನ ಹೇಳಲೇಬೇಕಾದ ಮಾತೊಂದಿದೆ. ಇಗರ್ಜಿ ಏಳುವುದಕ್ಕೆ ಮೊದಲು ಸಾಂಕವಾಳವು ಲಕ್ಷ್ಮೀನರಸಿಂಹನ ಊರಾಗಿತ್ತು, ವಿಜಯದುರ್ಗೆಯ ಊರಾಗಿತ್ತು. 1567ರಲ್ಲಿ ಪೋರ್ಚುಗೀಸರು ಸಾಸಷ್ಟಿಯ ದೇವಾಲಯಗಳನ್ನು ಕೆಡವತೊಡಗಿದಾಗ ಭಕ್ತರು ನರಸಿಂಹನನ್ನು ಹೊತ್ತು ನದಿಯ ಆಚೆಗೆ ಸಾಗಿದರು. ಇಂದು ಆ ದೇವರು ವೆಲಿಂಗದಲ್ಲಿ ಇದ್ದಾನೆ. ವಿಜಯದುರ್ಗೆಯು ಕೇರಿಯಲ್ಲಿ ಇದ್ದಾಳೆ. ನದಿಯಾಚೆಯ ಫೋಂಡಾ ಪ್ರಾಂತವು ಆಗ ಬಿಜಾಪುರದ ಆದಿಲಶಾಹಿಯ ಆಳಿಕೆಗೆ ಒಳಪಟ್ಟಿತ್ತು. ಮುಸಲ್ಮಾನ ಅರಸನ ಸೀಮೆಯಲ್ಲಿ ಹಿಂದೂ ದೇವರುಗಳಿಗೆ ಆಶ್ರಯ ದೊರೆಯಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಲಿ. ಮಂಗೇಶ, ಶಾಂತಾದುರ್ಗೆ, ಮಹಾಲಸೆ, ಎಲ್ಲರೂ ಹೀಗೆಯೇ ಹೊಳೆ ದಾಟಿದವರು. ಊರಿನಲ್ಲಿ ಉಳಿದವರು ಹಲವರು ಕ್ರೈಸ್ತರಾದರು. ಅವರ ಮೇಲೆ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷಗಳನ್ನು ಬಿಟ್ಟು, ಧರ್ಮವಿಚಾರಣೆಯ ನ್ಯಾಯಸ್ಥಾನದ ಕಣ್ಣು ನೆಟ್ಟೇ ಇತ್ತು. ಮುಂದೆ ನಾವು ಹೇಳಲಿರುವ ಕಥೆಯಲ್ಲಿ ಕ್ರೈಸ್ತರೇ ಪೀಡಿತರು. ಆ ಪೀಡೆಯ ತೂಕವನ್ನು ಸರಿಯಾಗಿ ಅಳೆಯಬೇಕಾದರೆ ಇನ್ನೊಂದು ತಟ್ಟೆಯೂ ಕಣ್ಣಮುಂದೆ ಇರಬೇಕು.

ಜೋಸೆಫ್ ವಾಜ್ ಅವರು ಹುಟ್ಟಿದ್ದು ತಾಯಿಯ ಊರಾದ ಬಾಣಾವಲಿಯಲ್ಲಿ, 1651ರ ಏಪ್ರಿಲ್ 21ರಂದು. ಸಾಂಕವಾಳ ಅವರ ತಂದೆಯ ಊರು. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬ. ಸಾಂಕವಾಳದಲ್ಲಿ ಪೋರ್ಚುಗೀಸ್ ಅಕ್ಷರಗಳನ್ನೂ ಬಾಣಾವಲಿಯಲ್ಲಿ ಲ್ಯಾಟಿನ್ನನ್ನೂ ಕಲಿತು, ಗೋವಾ ನಗರದಲ್ಲಿ ಮೇಲಿನ ವಿದ್ಯಾಭ್ಯಾಸ ಮುಗಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. ಪಾದ್ರಿಯಾದ ಮೇಲೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕವಾಳದಲ್ಲಿ ಹುಡುಗರಿಗೆ ಲ್ಯಾಟಿನ್ ಶಾಲೆ ತೆರೆದರು. 1677ರ ಆಗಸ್ಟ್ 5ರಂದು ತಾವು ಮಾತೆ ಮರಿಯಳ ದಾಸರೆಂದು ಒಂದು ಪತ್ರವನ್ನು ಬರೆದು ಸಹಿ ಮಾಡಿದರು. ಅದನ್ನು ದಾಸ್ಯಪತ್ರವೆಂದು ಕರೆಯುತ್ತಾರೆ. ಅಡ್ಡಿಗಳ ನಡುವೆ ಬದುಕಲು ಹೊರಟವನು ಮೊದಲು ತನ್ನ ಇಚ್ಛೆಯನ್ನೇ ಬರೆದುಕೊಟ್ಟುಬಿಟ್ಟದ್ದು ಅರ್ಥವುಳ್ಳ ಸಂಗತಿ.

ಇಚ್ಛೆಯನ್ನು ಬಿಡುವುದು ಬಾಯಿಮಾತಲ್ಲವೆಂದು ಬೇಗನೆ ಗೊತ್ತಾಯಿತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ಪೋರ್ಚುಗೀಸರಿಂದ ಕಸಿದುಕೊಂಡು, ಕಥೋಲಿಕ ಪಾದ್ರಿಗಳನ್ನೆಲ್ಲ ಹೊರಗಟ್ಟಿದ್ದರು. ಅಲ್ಲಿಯ ಜನ ಗುರುಗಳಿಲ್ಲದೆ ತಬ್ಬಲಿಗಳಾಗಿದ್ದಾರೆಂಬ ಸುದ್ದಿ ಕೇಳಿದ ವಾಜ್ ಅವರು ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಗೋವೆಯ ಅಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಸಿಂಹಳಕ್ಕಲ್ಲ, ಕನ್ನಡ ಜಿಲ್ಲೆಗೆ.

ಕನ್ನಡ ಕರಾವಳಿಯ ಸ್ಥಿತಿ ಆಗ ಹೇಗಿತ್ತು? ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳಲ್ಲಿ ಪೋರ್ಚುಗೀಸರಿಗಿದ್ದ ಬಲವನ್ನು ಕೆಳದಿಯ ಶಿವಪ್ಪನಾಯಕನು 1652ರಿಂದ 1654ರೊಳಗೆ ಮುರಿದಿದ್ದನು. ಕೋಟೆಗಳು ಹೋದಾಗ ಪಾದ್ರಿಗಳೂ ವಿರಳರಾದರು. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಹಳ್ಳಿಹಳ್ಳಿಗಳಲ್ಲಿ ಬೇಸಾಯ ಮಾಡುತ್ತ ಉಳಿದಿದ್ದರು. ಹಾಗೆಂದು ಕೆಳದಿಯವರನ್ನು ಕ್ರೈಸ್ತದ್ವೇಷಿಗಳೆಂದು ತಿಳಿಯಬಾರದು. ವೀರಶೈವಳಾದ ರಾಣಿ ಚೆನ್ನಮ್ಮನು ಮಿರ್ಜಾನ, ಚಂದಾವರ, ಹೊನ್ನಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಪೋರ್ಚುಗೀಸರಿಗೆ ಅನುಮತಿಯನ್ನಿತ್ತಳು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದದ್ದು ಆಕೆಯ ಕಾಲದಲ್ಲಿಯೇ.

ಹಾಗಾದರೆ ಅಡ್ಡಿ ಎಲ್ಲಿಂದ? ಹೊರಗಿನಿಂದಲ್ಲ, ಮನೆಯೊಳಗಿನಿಂದ. ಪೂರ್ವದೇಶಗಳ ಇಗರ್ಜಿಗಳ ಮೇಲೆ ಪೋರ್ಚುಗಲ್ಲಿನ ಅರಸನಿಗೆ ಪೋಪರು ಹಿಂದೆಯೇ ಅಧಿಕಾರ ಕೊಟ್ಟಿದ್ದರು. ಇದಕ್ಕೆ ಪಾದ್ರುವಾದೊ ಎಂದು ಹೆಸರು. ಕಾಲಾಂತರದಲ್ಲಿ ಆ ಅರಸನಿಂದ ಕೆಲಸ ಸಾಗದೆಂದು ಕಂಡು, ರೋಮಿನವರು 1622ರಲ್ಲಿ ಪ್ರೊಪಗಾಂಡ ಎಂಬ ತಮ್ಮದೇ ಸಭೆಯನ್ನು ಸ್ಥಾಪಿಸಿ ನೇರವಾಗಿ ಪ್ರತಿನಿಧಿಗಳನ್ನು ಕಳುಹಿಸತೊಡಗಿದರು. ಹೀಗೆ ಕನ್ನಡ ಜಿಲ್ಲೆಗೆ ಬಂದವರು ಬಿಷಪ್ ತೋಮಸ್ ದ ಕಾಸ್ತ್ರೊ. ಅವರೂ ಗೋವೆಯವರೇ. ಮಿಲಾಗ್ರಿಸ್ ಕಟ್ಟಿಸಿದವರೂ ಅವರೇ. ಗೋವೆಯ ಆರ್ಚ್‌ಬಿಷಪ್ಪರ ಪಕ್ಷದವರು ಇವರ ಅಧಿಕಾರವನ್ನು ಒಪ್ಪಲಿಲ್ಲ. ಇವರು ಅವರದನ್ನು ಒಪ್ಪಲಿಲ್ಲ. ಎರಡು ಪಕ್ಷದ ಪಾದ್ರಿಗಳು ಪರಸ್ಪರರ ಸಂಸ್ಕಾರಗಳನ್ನು ಅಸಿಂಧುವೆಂದರು.

ಈ ಒಂದು ಶಬ್ದ ಹಳ್ಳಿಯ ಬಡವನ ಮೇಲೆ ಹೇಗೆ ಬೀಳುತ್ತದೆಂಬುದನ್ನು ವಾಚಕರು ಊಹಿಸಬೇಕು. ಒಬ್ಬನು ಮದುವೆಯಾಗಿ ಹತ್ತು ವರ್ಷವಾಗಿದೆ, ಮೂರು ಮಕ್ಕಳಿದ್ದಾರೆ. ಆ ಮದುವೆ ಮದುವೆಯೇ ಅಲ್ಲವೆಂದು ಹೊಸ ಪಾದ್ರಿ ಹೇಳುತ್ತಾನೆ. ಸಾಯುವ ತಾಯಿ ಪಾಪನಿವೇದನೆ ಮಾಡಿದ್ದಳು. ಅದು ಸಲ್ಲದೆಂದು ಅವಳ ಮಗನಿಗೆ ತಿಳಿಯುತ್ತದೆ. ಅರಸನು ಇಗರ್ಜಿಯ ಬಾಗಿಲಿಗೆ ಬೀಗ ಹಾಕಿದರೆ ಭಕ್ತನು ಮನೆಯೊಳಗೆ ಮೊಣಕಾಲೂರಬಹುದು. ಆದರೆ ನಿನ್ನ ಪ್ರಾರ್ಥನೆ ಸರಿಯಾದ ಕೈಯಿಂದ ಹೋಗಿಲ್ಲವೆಂದು ತನ್ನವರೇ ಹೇಳಿದರೆ ಅವನು ಎಲ್ಲಿಗೆ ಹೋಗಬೇಕು? ಈ ಅಡ್ಡಿಯನ್ನು ನಾವು ಎಲ್ಲಕ್ಕಿಂತ ಕಠಿನವೆಂದು ಎಣಿಸುತ್ತೇವೆ.

ವಾಜ್ ಅವರು ಬಂದದ್ದು ಗೋವೆಯ ಪಕ್ಷದ ಪ್ರತಿನಿಧಿಯಾಗಿ. ವಾದ ಗೆಲ್ಲುವುದೇ ಅವರ ಕೆಲಸವೆಂದು ಕಳುಹಿಸಿದವರು ತಿಳಿದಿರಬಹುದು. ಅವರಾದರೋ ಕಾಸ್ತ್ರೊ ಅವರೊಡನೆ ಸಂಧಿಯ ಮಾತುಕತೆಗೆ ತೊಡಗಿದರು. ಜನರ ಮನಸ್ಸು ಕದಡದಂತೆ ನಡೆದುಕೊಂಡರು. ಉಳಿದ ಹೊತ್ತನ್ನೆಲ್ಲ ನಡಿಗೆಗೆ ಕೊಟ್ಟರು. ಬಸರೂರು, ಬಾರಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು; ಹೊಳೆಗೊಂದು ದೋಣಿ, ಹೊಳೆಯಾಚೆ ಗದ್ದೆಯ ಬದು. ಮಂಗಳೂರಿನ ರೊಜಾರಿಯೊ ಇಗರ್ಜಿಯನ್ನು ಸರಿಪಡಿಸಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಇಗರ್ಜಿಗಳನ್ನು ಎತ್ತಿದರು. ಚಿಕ್ಕ ಶಾಲೆಗಳನ್ನು ತೆರೆದರು. ಅದಕ್ಕಿಂತ ಮುಖ್ಯವಾಗಿ, ಊರಿನ ಗೃಹಸ್ಥರನ್ನೇ ಸೇರಿಸಿ ಭ್ರಾತೃಸಂಘಗಳನ್ನು ಕಟ್ಟಿದರು. ಪಾದ್ರಿ ಬಂದು ಹೋಗುವವನು, ಗೃಹಸ್ಥನು ಇರುವವನು. ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವೊಂದಿದ್ದು, ಅಲ್ಲಿಯ ನೀರಿನ ಬುಗ್ಗೆಗಳನ್ನು ಜನ ಇಂದಿಗೂ ಅವರ ಪವಾಡವೆಂದು ನಂಬುತ್ತಾರೆ. ಎರಡು ಅಧಿಕಾರಗಳ ತಕರಾರಾದರೋ ಅವರ ಕಾಲದಲ್ಲಿ ತೀರಲಿಲ್ಲ. 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗುವವರೆಗೆ ಅದು ಹೊಗೆಯಾಡುತ್ತಲೇ ಇತ್ತು.

ಇದೇ ಕರಾವಳಿಯ ಕ್ರೈಸ್ತರಿಗೆ ನೂರು ವರ್ಷಗಳ ಅನಂತರ ಒದಗಿದ ಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಅವರು ಶತ್ರುವಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿದ್ದಾರೆ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಜೈನ ಅರಸನಾದ ಚೌಟನ ಬಿನ್ನಹದಿಂದ ಹೊಸಪೇಟೆಯ ಇಗರ್ಜಿಯೊಂದು ಉಳಿಯಿತೆಂದು ಚರಿತ್ರೆಕಾರರು ಬರೆಯುತ್ತಾರೆ. ಈ ಟಿಪ್ಪುವೇ 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ದೋಚಿದಾಗ ಅದರ ಜೀರ್ಣೋದ್ಧಾರಕ್ಕೆ ನೆರವಿತ್ತವನು. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುವುದು ಚರಿತ್ರೆಯಲ್ಲಿ ಅಪರೂಪವಲ್ಲ. ಸೆರೆಯಲ್ಲಿದ್ದವರಿಗೆ ಹದಿನೈದು ವರ್ಷ ಇಗರ್ಜಿಯಿಲ್ಲ. ಪಾದ್ರಿಗಳನ್ನು ದೇಶದಿಂದ ಹೊರಗಟ್ಟಲಾಗಿತ್ತು. ಬಾಯಿಪಾಠದ ಪ್ರಾರ್ಥನೆಗಳ ಹೊರತು ಅವರ ಕೈಯಲ್ಲಿ ಬೇರೇನು ಉಳಿದೀತು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬದುಕಿ ಉಳಿದವರಲ್ಲಿ ಹಲವರು ಊರಿಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಮತ್ತೆ 1684ಕ್ಕೆ ಬರೋಣ. ಆ ವರ್ಷ ವಾಜ್ ಅವರು ಗೋವೆಗೆ ಹಿಂದಿರುಗಿದರು. ಅದೇ ವರ್ಷ ಜೂನ್ 27ರಂದು ಗೋವೆಯ ವೈಸರಾಯ್ ಆಲ್ವೊರನು ಒಂದು ಆಜ್ಞೆ ಹೊರಡಿಸಿದನು. ಮೂರು ವರ್ಷಗಳೊಳಗೆ ಜನರೆಲ್ಲರೂ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸಿನಲ್ಲಿಯೇ ವ್ಯವಹರಿಸತಕ್ಕದ್ದು. ಪಾದ್ರಿಗಳೂ ಉಪಾಧ್ಯಾಯರೂ ಆ ಭಾಷೆಯಲ್ಲಿಯೇ ಕಲಿಸತಕ್ಕದ್ದು. ಪೂಜೆಯು ಲ್ಯಾಟಿನ್ನಿನಲ್ಲಿ, ಉಪದೇಶವು ಪೋರ್ಚುಗೀಸಿನಲ್ಲಿ. ಅಳುವುದೊಂದು ಮಾತ್ರ ತಾಯ್ನುಡಿಯಲ್ಲಿ ಎಂಬಂತಾಯಿತು. ಪರನಾಡಿನಲ್ಲಿ ಕನ್ನಡ ಶಾಲೆಗಳನ್ನು ನಡೆಸುತ್ತಿರುವ ನಮಗೆ ಇದರ ನೋವು ವಿವರಿಸಿ ಹೇಳಬೇಕಾದುದಲ್ಲ. ಆ ಆಜ್ಞೆ ಕಾಗದದಲ್ಲಿ ಉಳಿಯಿತು. ಕೊಂಕಣಿ ಮನೆಗಳಲ್ಲಿ ಉಳಿಯಿತು. ಇಗರ್ಜಿಯ ಪೂಜೆಯು ಜನರ ಭಾಷೆಗೆ ಬಂದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ.

ಮೈಬಣ್ಣವೂ ಅಡ್ಡಿಯಾಗಿತ್ತು. ಯುರೋಪಿನ ಸನ್ಯಾಸಿಗಳ ಮಠಗಳು ದೇಶೀಯ ಪಾದ್ರಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ಗೋವೆಯ ಕೆಲವು ದೇಶೀಯ ಪಾದ್ರಿಗಳು ತಾವೇ ಕೂಡಿ ಬಾಳಲು ಆರಂಭಿಸಿದ್ದರು. ವಾಜ್ ಅವರು 1685ರಲ್ಲಿ ಅವರನ್ನು ಸೇರಿದರು. ಬಾಗಿಲು ತಟ್ಟುತ್ತ ನಿಲ್ಲುವ ಬದಲು ತಮ್ಮದೇ ಮನೆ ಕಟ್ಟಿಕೊಂಡರು. ಇದೇ ಗೋವೆಯ ಓರಾತೊರಿ ಸಭೆ. ಅವರು ಅದರ ಮುಖ್ಯಸ್ಥರಾದರು. ಆದರೂ ಮನಸ್ಸು ಸಿಂಹಳದಲ್ಲಿತ್ತು. 1686ರಲ್ಲಿ ಹೊಣೆಯನ್ನು ಬಿಟ್ಟು, ಜುವಾಂವ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ಹೊರಟರು. ಕನ್ನಡ ಕರಾವಳಿಯನ್ನು ಇನ್ನೊಮ್ಮೆ ಹಾದು, ಮಲೆಯಾಳವನ್ನು ದಾಟಿ ತೂತುಕುಡಿಯನ್ನು ತಲುಪಿದರು. 1687ರಲ್ಲಿ, ಕೂಲಿಯಾಳಿನಂತೆ ತುಂಡುಬಟ್ಟೆ ಉಟ್ಟು, ದೋಣಿಯಲ್ಲಿ ಸಿಂಹಳಕ್ಕೆ ಸೇರಿದರು.

ಯಾಳ್ಪಾಣದಲ್ಲಿ ಅವರನ್ನು ಮೊದಲು ಎದುರುಗೊಂಡದ್ದು ಆಮಶಂಕೆ ರೋಗ. ಹಾದಿಯ ಬದಿಯಲ್ಲಿ ಬಿದ್ದಿದ್ದರಂತೆ. ಯಾರೋ ಕರುಣೆಯಿಂದ ಗಂಜಿ ಕೊಟ್ಟು ಉಳಿಸಿದರಂತೆ. ಎದ್ದ ಮೇಲೆ ಇನ್ನೊಂದು ತೊಡಕು: ಇಲ್ಲಿ ಕಥೋಲಿಕರು ಯಾರು? ಪಾದ್ರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು ಡಚ್ಚರ ಕಟ್ಟಳೆ. ಭೂಮಿಕಾಣಿಗೂ ಮದುವೆಯ ದಾಖಲೆಗೂ ಜನ ಡಚ್ಚರ ದೇವಾಲಯದಲ್ಲಿ ಜ್ಞಾನಸ್ನಾನ ಪಡೆಯಬೇಕು. ಹೊರಗಿನಿಂದ ನೋಡಿದರೆ ಎಲ್ಲರೂ ಡಚ್ಚರ ಮತದವರೇ. ವಾಜ್ ಅವರು ಕೊರಳಿಗೆ ಜಪಮಾಲೆಯನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷಕ್ಕೆ ಹೋದರು. ಬಾಯಿಂದ ಏನನ್ನೂ ಹೇಳಲಿಲ್ಲ. ಭಿಕ್ಷೆ ನೀಡುವವರ ಕಣ್ಣು ಜಪಮಾಲೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತ ಬಂದರು. ಕೊನೆಗೆ ಒಂದು ಮನೆಯವರು ಗುರುತು ಹಿಡಿದರು. ಆ ಮನೆಯಿಂದ ಇನ್ನೊಂದು ಮನೆ ಗೊತ್ತಾಯಿತು.

ಆಮೇಲಿನ ಆರಾಧನೆ ನಡೆದದ್ದೆಲ್ಲ ಇರುಳಿನಲ್ಲಿ. ಯಾರದೋ ಕೊಟ್ಟಿಗೆ, ಯಾರದೋ ಪಡಸಾಲೆ. ಬೆಳಗಾಗುವ ಮುನ್ನ ಎಲ್ಲರೂ ಚದುರಬೇಕು. ಸಿಲ್ಲಾಲೆ ಎಂಬ ಊರು ಅವರಿಗೆ ನೆಲೆಯಾಯಿತು. ಕ್ರಿಸ್ಮಸ್ ಸಮಯದ ಒಂದು ಇರುಳು ಡಚ್ ಸೈನಿಕರು ಸೇರಿದ್ದ ಜನರ ಮೇಲೆ ಬಿದ್ದರು. ವಾಜ್ ಅವರು ತಪ್ಪಿಸಿಕೊಂಡರು. ಸೆರೆಗೂ ಹೊಡೆತಕ್ಕೂ ಸಿಕ್ಕಿದವರು ಮನೆಯವರು, ಗೃಹಸ್ಥರು. ಅವರ ಹೆಸರುಗಳು ಪಂಚಾಂಗದಲ್ಲಿಲ್ಲ, ಅವರ ಹಬ್ಬವನ್ನು ಯಾರೂ ಆಚರಿಸುವುದಿಲ್ಲ. ವಾಜ್ ಅವರ ಚರಿತ್ರೆಯನ್ನು ಓದುವಾಗ ನಮ್ಮ ಮನಸ್ಸು ಪದೇ ಪದೇ ಅವರ ಕಡೆಗೇ ಹೋಗುತ್ತದೆ.

ಡಚ್ಚರ ಕೈಗೆ ಸಿಗದಂತೆ ಅವರು ಪುತ್ತಳಂ ಬಂದರಿಗೆ ಹೋದರು. 1692ರಲ್ಲಿ ಕ್ಯಾಂಡಿ ರಾಜ್ಯದ ರಾಜಧಾನಿಗೆ ಬಂದರು. ಅಲ್ಲಿಯ ಆಸ್ಥಾನದಲ್ಲಿದ್ದ ಒಬ್ಬ ಫ್ರೆಂಚ್ ಪ್ರಾಟೆಸ್ಟಂಟನು ಈತನು ಪೋರ್ಚುಗೀಸರ ಗೂಢಚಾರನೆಂದು ದೂರು ಹೇಳಿದನು. ಸೆರೆಯಾಯಿತು. ವಾಜ್ ಅವರು ಸೆರೆಮನೆಯನ್ನೇ ಪಾಠಶಾಲೆ ಮಾಡಿಕೊಂಡು ಸಿಂಹಳ ಭಾಷೆಯನ್ನು ಕಲಿತರು. ಬಂದೀಖಾನೆಯ ಮೂಲೆಯಲ್ಲಿ ಒಂದು ಪೀಠ ಇಟ್ಟು ಜುವಾಂವನೊಡನೆ ಪ್ರಾರ್ಥನೆ ಮಾಡಿದರು. ರಾಜನಾದ ಎರಡನೆಯ ವಿಮಲಧರ್ಮಸೂರ್ಯನು ಬೌದ್ಧ. ತನ್ನ ಮತದಲ್ಲಿ ನಿಷ್ಠಾವಂತ. ಬೌದ್ಧ ಸಂಘದಲ್ಲಿ ಉಪಸಂಪದೆಯು ನಿಂತುಹೋಗಿದ್ದುದರಿಂದ ಅರಕಾನ ದೇಶದಿಂದ ಭಿಕ್ಷುಗಳನ್ನು ಕರೆಸಿ ಅದನ್ನು ಮತ್ತೆ ನೆಲೆಗೊಳಿಸಿದವನು. ಕ್ರಮೇಣ ಅವನ ಸಂಶಯ ಕರಗಿತು. ಬರಗಾಲದಲ್ಲಿ ವಾಜ್ ಅವರ ಪ್ರಾರ್ಥನೆಗೆ ಮಳೆ ಬಂತು, ಅದರಿಂದ ರಾಜನು ಒಲಿದನು ಎಂದು ಕಥೋಲಿಕ ಚರಿತ್ರೆಕಾರರು ಹೇಳುತ್ತಾರೆ. ಮಳೆಯ ಮಾತು ಹೇಗೂ ಇರಲಿ, 1697ರಲ್ಲಿ ಸಿಡುಬು ಹರಡಿ ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ಯಾವ ಮತದವರೆಂದು ಕೇಳದೆ ರೋಗಿಗಳನ್ನು ಉಪಚರಿಸಿದವರು, ಸತ್ತವರನ್ನು ಮಣ್ಣುಮಾಡಿದವರು ಈ ಪಾದ್ರಿ ಎಂಬುದು ಯಾರೂ ಅಲ್ಲಗಳೆಯದ ಸಂಗತಿ. ಮುಂದಿನ ರಾಜ ವೀರನರೇಂದ್ರಸಿಂಹನೂ ಅವರಿಗೆ ಆಶ್ರಯವಿತ್ತನು. ಕ್ರೈಸ್ತರಾದ ಡಚ್ಚರು ಮುಚ್ಚಿದ ಬಾಗಿಲನ್ನು ಬೌದ್ಧರಾಜರು ತೆರೆದಿಟ್ಟರು.

ಈ ನಡುವೆ ಗೋವೆಯಿಂದ ಸಂಗಡಿಗರು ಬಂದರು. 1705ರಲ್ಲಿ ಬಂದ ಜಾಕೊಮ್ ಗೊನ್ಸಾಲ್ವಿಸ್ ಅವರು ದೀವಾಡಿ ದ್ವೀಪದವರು. ಕನ್ನಡ ಶಾಸನಗಳನ್ನು ಬರೆಸಿದ ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನು ಹಿಂದೊಮ್ಮೆ ನೆಲೆಸಿದ್ದ ದ್ವೀಪವದು. ಅವರು ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ಗ್ರಂಥಗಳನ್ನು ರಚಿಸಿದರು. ಗೋವೆಯಲ್ಲಿ ಕೊಂಕಣಿಗೆ ಬಹಿಷ್ಕಾರದ ಆಜ್ಞೆಯಿದ್ದ ಕಾಲದಲ್ಲಿ ಗೋವೆಯ ಪಾದ್ರಿಗಳು ಸಿಂಹಳರಿಗೆ ಅವರ ನುಡಿಯಲ್ಲಿಯೇ ಪುರಾಣ ಬರೆದುಕೊಟ್ಟದ್ದು ಸೋಜಿಗವಲ್ಲವೇ?

ಆದರೂ ಇಡೀ ದ್ವೀಪಕ್ಕೆ ಬೆರಳೆಣಿಕೆಯ ಪಾದ್ರಿಗಳು. ಒಂದು ಊರಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಆರಾಧನೆ ನಡೆಯುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ಉಪಾಯವೇ ಈ ಚರಿತ್ರೆಯ ತಿರುಳೆಂದು ನಮ್ಮ ಅಭಿಪ್ರಾಯ. ಊರಿಗೊಬ್ಬ ಮೂಪ್ಪ, ಒಬ್ಬ ಅಣ್ಣಾವಿ. ಮೂಪ್ಪನೆಂದರೆ ಗುಡಿಯ ಯಜಮಾನ. ದೀಪ, ಬಾಗಿಲು, ಬೀಗ ಅವನ ಹೊಣೆ. ಅಣ್ಣಾವಿಯೆಂದರೆ ಉಪಾಧ್ಯಾಯ. ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆಗಳನ್ನು ಓದುವುದು, ಮಕ್ಕಳಿಗೆ ಬಾಯಿಪಾಠ ಮಾಡಿಸುವುದು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು, ಪಾದ್ರಿ ಬರುವ ಸುದ್ದಿಯನ್ನು ಗುಟ್ಟಾಗಿ ಮುಟ್ಟಿಸುವುದು, ಇವೆಲ್ಲ ಅವನ ಕೆಲಸ. ಇವರಿಬ್ಬರೂ ಗೃಹಸ್ಥರು, ಹೊಲಕ್ಕೆ ಹೋಗುವವರು, ಮೀನು ಹಿಡಿಯುವವರು. ಡಚ್ಚರು ಪಾದ್ರಿಯನ್ನು ಹಿಡಿಯಬಹುದಿತ್ತು. ಊರೂರಿನ ಅಣ್ಣಾವಿಗಳನ್ನೆಲ್ಲ ಹಿಡಿಯುವುದು ಅವರಿಂದಾಗಲಿಲ್ಲ.

ವಾಜ್ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಸಿಂಹಳಕ್ಕೆ ಹೋದ ಮೇಲೆ ಗೋವೆಯನ್ನು ಮತ್ತೆ ನೋಡಲಿಲ್ಲ. ಅವರನ್ನು ಸಮಾಧಿ ಮಾಡಿದ ಇಗರ್ಜಿ ಮುಂದೆ ನಾಶವಾಯಿತು. ಸಮಾಧಿಯ ಸ್ಥಳ ಈವರೆಗೆ ಪತ್ತೆಯಾಗಿಲ್ಲ. ಎರಡನೆಯ ಜಾನ್ ಪಾಲ್ ಪೋಪರು 1995ರಲ್ಲಿ ಅವರನ್ನು ಧನ್ಯರೆಂದೂ, ಫ್ರಾನ್ಸಿಸ್ ಪೋಪರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿಯೇ ಘೋಷಿಸಿದರು.

ಡಚ್ಚರು ಸಿಂಹಳವನ್ನು 1796ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಕಥೋಲಿಕರ ಮೇಲಿನ ನಿರ್ಬಂಧಗಳು 1806ರಲ್ಲಿ ಕಾನೂನಿನಿಂದ ರದ್ದಾದವು. ಅಲ್ಲಿಯವರೆಗೆ ಪಾದ್ರಿಗಳನ್ನು ಕಳುಹಿಸುತ್ತ ಬಂದ ಗೋವೆಯ ಓರಾತೊರಿ ಸಭೆಯನ್ನು ಮುಚ್ಚಿಸಲು ಡಚ್ಚರಿಗೆ ಸಾಧ್ಯವಾಗಿರಲಿಲ್ಲ. ಅದನ್ನು ಮುಚ್ಚಿಸಿದ್ದು ಕಥೋಲಿಕ ರಾಷ್ಟ್ರವಾದ ಪೋರ್ಚುಗಲ್ಲೇ. ಸಾಂಕವಾಳದ ಇಗರ್ಜಿ ಸುಟ್ಟ 1834ನೆಯ ವರ್ಷದಲ್ಲಿಯೇ ಅಲ್ಲಿಯ ಸರಕಾರವು ಪುರುಷರ ಧಾರ್ಮಿಕ ಸಭೆಗಳನ್ನೆಲ್ಲ ರದ್ದುಗೊಳಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಆ ಹೊತ್ತಿಗೆ ಸಿಂಹಳದ ಹಳ್ಳಿಗಳಲ್ಲಿ ಭಾನುವಾರದ ಪ್ರಾರ್ಥನೆಯನ್ನು ಅಣ್ಣಾವಿಗಳು ಓದುತ್ತ ಬಂದು ನೂರು ವರ್ಷಗಳ ಮೇಲಾಗಿತ್ತು.